ಬೆನೆಗಲ್ ನರಸಿಂಗರಾಯರು ಮತ್ತು ಅಮೆರಿಕದ ಪಾಠ

ಮರಾಠಿ ತರಗತಿಯಲ್ಲಿ ‘ರಾಜ್ಯಘಟನೆ’ ಎಂದೂ ಕನ್ನಡ ತರಗತಿಯಲ್ಲಿ ‘ಸಂವಿಧಾನ’ ಎಂದೂ ನಾವು ಕರೆಯುವ ಗ್ರಂಥ ಒಂದೇ. ಅದರ ಶಿಲ್ಪಿ ಡಾ. ಬಾಬಾಸಾಹೇಬ ಅಂಬೇಡ್ಕರರನ್ನು ಗಡಿಯ ಎರಡೂ ಕಡೆಯವರು ಬಲ್ಲರು. ಅವರ ಸಮಿತಿಯ ಮುಂದೆ ಮೊದಲ ಕರಡನ್ನು ಇರಿಸಿದವರು ಕನ್ನಡ ಕರಾವಳಿಯ ಸರ್ ಬೆನೆಗಲ್ ನರಸಿಂಗರಾಯರು. ವಿದ್ಯಾರ್ಥಿಗಳು ಅವರ ಬದುಕನ್ನೂ ತಿಳಿದಿರುವುದು ಉಚಿತ.

ರಾಯರು 1887ರಲ್ಲಿ ಮಂಗಳೂರು ಸೀಮೆಯಲ್ಲಿ ಜನಿಸಿದರು. ಮನೆಮಾತು ಕೊಂಕಣಿ, ಸುತ್ತಲಿನದು ತುಳು, ಕನ್ನಡ. ಮನೆಯಲ್ಲೊಂದು, ಪೇಟೆಯಲ್ಲೊಂದು ಭಾಷೆಯಾಡುವ ನಮಗೆ ಅಂಥ ಬಾಲ್ಯ ಅಪರಿಚಿತವಲ್ಲ. ಮಂಗಳೂರಿನ ಕೆನರಾ ಹೈಸ್ಕೂಲು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜುಗಳಲ್ಲಿ ಓದಿ, ಐ.ಸಿ.ಎಸ್. ಸೇವೆಗೆ ಸೇರಿದರು. ಮುಂದೆ ಕಲಕತ್ತೆಯ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ಹಿಂದೂ ಕಾನೂನಿನ ಸುಧಾರಣೆಗಾಗಿ 1941ರಲ್ಲಿ ನೇಮಕವಾದ ಸಮಿತಿಯ ಅಧ್ಯಕ್ಷರಾದರು. ಕೆಲಕಾಲ ಕಾಶ್ಮೀರದ ಪ್ರಧಾನಮಂತ್ರಿಯೂ ಆಗಿದ್ದರು. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾಗಿ, ವೇತನ ಪಡೆಯದೆ ದುಡಿದರು. 1947ರ ಅಕ್ಟೋಬರಿನಲ್ಲಿ ಅವರ ಕರಡು ಸಿದ್ಧವಾಯಿತು. ಅದರಲ್ಲಿ 240 ವಿಧಿಗಳೂ 13 ಅನುಸೂಚಿಗಳೂ ಇದ್ದವು. ಅದನ್ನು ಮುಗಿಸಿ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಪ್ರಯಾಣ ಮಾಡಿದರು.

ಅಮೆರಿಕದ ವ್ಯವಸ್ಥೆಯಲ್ಲಿ ಅಧಿಕಾರ ಮೂರು ಕಡೆ ಹಂಚಿಹೋಗಿದೆ. ರಾಷ್ಟ್ರಾಧ್ಯಕ್ಷನು ಶಾಸನಸಭೆಯ ಸದಸ್ಯನಲ್ಲ. ಅವನ ಅವಧಿ ನಾಲ್ಕು ವರ್ಷ. ಶಾಸನ ಮಾಡುವ ಕಾಂಗ್ರೆಸ್ಸಿಗೆ ಎರಡು ಸದನಗಳು. ಪ್ರತಿನಿಧಿ ಸಭೆಯ ಸ್ಥಾನಗಳು ಜನಸಂಖ್ಯೆಯಂತೆ ಹಂಚಿಕೆಯಾದರೆ, ಸೆನೆಟ್ಟಿನಲ್ಲಿ ದೊಡ್ಡ ರಾಜ್ಯಕ್ಕೂ ಚಿಕ್ಕ ರಾಜ್ಯಕ್ಕೂ ಎರಡೆರಡೇ ಸ್ಥಾನ. ಸಂವಿಧಾನಕ್ಕೆ ವಿರುದ್ಧವಾದ ಶಾಸನವನ್ನು ರದ್ದುಪಡಿಸುವ ಅಧಿಕಾರ ಸರ್ವೋಚ್ಚ ನ್ಯಾಯಾಲಯದ್ದು. ‘ಡ್ಯೂ ಪ್ರೊಸೆಸ್’ ಎಂಬ ತತ್ತ್ವ ಅಲ್ಲಿ ಬಹು ಪ್ರಬಲ: ನ್ಯಾಯೋಚಿತ ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಸರ್ಕಾರ ಕಸಿಯುವಂತಿಲ್ಲ. ಆದರೆ ನ್ಯಾಯೋಚಿತ ಯಾವುದೆಂದು ಹೇಳುವವರು ನ್ಯಾಯಾಧೀಶರು. ಬ್ರೆಡ್ಡಿನ ಭಟ್ಟಿಗಳ ಕೆಲಸಗಾರರಿಗೆ ದಿನಕ್ಕೆ ಹತ್ತು ಗಂಟೆಗಳ ಮಿತಿ ಹಾಕಿದ ನ್ಯೂಯಾರ್ಕ್ ರಾಜ್ಯದ ಶಾಸನವನ್ನು ಅದೇ ತತ್ತ್ವದ ಹೆಸರಿನಲ್ಲಿ ನ್ಯಾಯಾಲಯ 1905ರಲ್ಲಿ ರದ್ದುಪಡಿಸಿತ್ತು.

ರಾಯರ ಚಿಂತೆ ಇದೇ ಆಗಿತ್ತು. ಭೂಸುಧಾರಣೆ, ಸಮಾಜಸುಧಾರಣೆಗಳ ಶಾಸನಗಳು ಭಾರತದಲ್ಲಿಯೂ ಹೀಗೆ ಬಿದ್ದುಹೋದರೆ ಏನು ಗತಿ? ಅಮೆರಿಕದ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಡನೆ ನಡೆದ ಮಾತುಕತೆ ಆ ಚಿಂತೆಯನ್ನು ಬಲಪಡಿಸಿತು. ಜನರು ಆರಿಸಿದ ಸಭೆಯ ಶಾಸನವನ್ನು ಕೆಲವೇ ನ್ಯಾಯಾಧೀಶರು ತಡೆಯುವುದು ಪ್ರಜಾಪ್ರಭುತ್ವಕ್ಕೆ ಒಪ್ಪದೆಂದು ಅವರು ರಾಯರಿಗೆ ತಿಳಿಸಿದರು. ಕರಡು ಸಮಿತಿ ಆ ಮಾತುಗಳನ್ನು ಕೈಬಿಟ್ಟು, ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ ಎಂಬರ್ಥದ ಮಾತುಗಳನ್ನು ಸೇರಿಸಿತು. ಅದೇ ಇಂದಿನ 21ನೆಯ ವಿಧಿ. ನ್ಯಾಯಾಲಯದಲ್ಲಿ ಕೇಳಿ ಪಡೆಯಬಹುದಾದ ಲಿಖಿತ ಮೂಲಭೂತ ಹಕ್ಕುಗಳಿಗೆ ಅಮೆರಿಕದ ಮಾದರಿ ನೆರವಾಯಿತು. ಈ ಒಂದು ತತ್ತ್ವ ಮಾತ್ರ ಹೊರಗುಳಿಯಿತು.

1949ರ ನವೆಂಬರ್ 25ರಂದು ಅಂಬೇಡ್ಕರರು ಸಭೆಯಲ್ಲಿ ರಾಯರ ಪರಿಶ್ರಮವನ್ನು ಸ್ಮರಿಸಿದರು. ಆ ವೇಳೆಗೆ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. 1950ರ ಜೂನಿನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿ ಇದ್ದವರು ಅವರೇ. 1952ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಜೂರಿಕ್‌ನಲ್ಲಿ ನಿಧನರಾದರು.

ಅವರ ಕಾಲಾನಂತರವೂ ಆ ಆಯ್ಕೆಯ ಪರಿಣಾಮ ಮುಂದುವರಿಯಿತು. 1950ರ ಗೋಪಾಲನ್ ಪ್ರಕರಣದಲ್ಲಿ, ವಿಚಾರಣೆಯಿಲ್ಲದೆ ಬಂಧಿಯಾದವರ ಮೊರೆಗೆ ಕಾನೂನಿನ ಅಕ್ಷರವೇ ಸಾಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯದ ಬಹುಮತ ತೀರ್ಮಾನಿಸಿತ್ತು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಕಾರ್ಯವಿಧಾನವು ನ್ಯಾಯಯುತವೂ ವಿವೇಕಯುತವೂ ಆಗಿರಬೇಕೆಂದು ಹೇಳಿತು. ಮುಂಬಾಗಿಲಿನಿಂದ ಹೊರಗುಳಿದ ತತ್ತ್ವ ಹಿತ್ತಲ ಬಾಗಿಲಿನಿಂದ ಒಳಬಂದಿತು.

ನಮ್ಮ ಸಂವಿಧಾನ ಕೈಗೊಳ್ಳದ ಅಮೆರಿಕದ ಇನ್ನೊಂದು ನಿಯಮ ಈ ಗಡಿಭಾಗಕ್ಕೆ ನೇರವಾಗಿ ತಟ್ಟಿದೆ. ಅಲ್ಲಿ ಒಂದು ರಾಜ್ಯವನ್ನು ಒಡೆದು ಹೊಸ ರಾಜ್ಯ ಮಾಡಲು ಆ ರಾಜ್ಯದ ಶಾಸನಸಭೆಯ ಒಪ್ಪಿಗೆ ಬೇಕು. ನಮ್ಮಲ್ಲಿ 3ನೆಯ ವಿಧಿಯಂತೆ ರಾಜ್ಯದ ಅಭಿಪ್ರಾಯ ಕೇಳಿದರೆ ಸಾಕು, ನಿರ್ಣಯ ಸಂಸತ್ತಿನದು. ಆ ಅಧಿಕಾರದಿಂದಲೇ 1956ರಲ್ಲಿ ಹೈದರಾಬಾದ್ ರಾಜ್ಯ ಹಂಚಿಹೋಯಿತು. ಬೀದರ ಜಿಲ್ಲೆಯ ನಿಲಂಗಾ, ಉದಗೀರಗಳೂ ಉಸ್ಮಾನಾಬಾದ್ ಜಿಲ್ಲೆಯ ಉಮರ್ಗಾವೂ ಮುಂಬಯಿ ರಾಜ್ಯಕ್ಕೆ ಸೇರಿದವು. ಬೀದರ, ಭಾಲ್ಕಿ ಮೈಸೂರಿಗೆ ಹೋದವು. ಗೆರೆ ಬದಲಾದರೂ ಈಚೆ ಉಳಿದ ಕನ್ನಡಿಗರಿಗೆ ತಮ್ಮ ಭಾಷೆಯನ್ನು ಕಾಪಾಡಿಕೊಳ್ಳುವ ಹಕ್ಕನ್ನು 29ನೆಯ ವಿಧಿ ಕೊಟ್ಟಿದೆ. ಕನ್ನಡವನ್ನು ಐಚ್ಛಿಕ ವಿಷಯವಾಗಿ ಆರಿಸಿ ಈ ತರಗತಿಯಲ್ಲಿ ಕುಳಿತ ಪ್ರತಿಯೊಬ್ಬ ವಿದ್ಯಾರ್ಥಿಯೂ ಆ ಹಕ್ಕನ್ನು ಬಳಸುತ್ತಿದ್ದಾನೆ. ಸಂಸತ್ತಿನ ಅಧಿಕಾರಕ್ಕೂ ಪ್ರಜೆಯ ಹಕ್ಕಿಗೂ ನಡುವೆ ಗೆರೆ ಎಲ್ಲಿರಬೇಕು ಎಂಬುದೇ ರಾಯರು ಸಮುದ್ರ ದಾಟಿ ಕೇಳಿಬಂದ ಪ್ರಶ್ನೆ. ಅದನ್ನು ಕೇಳುತ್ತಿರುವ ಹೊಣೆ ಈಗ ನಿಮ್ಮದು.