ಕೇಳಿದವನು, ಹೇಳಲಾರದವನು

ನನ್ನ ಕನ್ನಡ ತರಗತಿಯಲ್ಲಿ ಮುಂದೆ ವೈದ್ಯರಾಗಬೇಕೆಂದು ಹೊರಟ ತರುಣರು ಕೆಲವರಿರುತ್ತಾರೆ. ತಮಗೆ ಭಾಷೆಯ ಪಾಠವೇತಕ್ಕೆಂದು ಅವರು ಕೇಳುವುದುಂಟು. ಆಗ ನಾನು ಇಗ್ನಾಜ್ ಸೆಮೆಲ್‌ವೈಸ್‌ನ ಕಥೆಯನ್ನು ಹೇಳುತ್ತೇನೆ.

ಆತ ೧೮೧೮ರಲ್ಲಿ ಹಂಗೆರಿಯ ಬುಡಾ ಪಟ್ಟಣದಲ್ಲಿ, ವರ್ತಕನೊಬ್ಬನ ಮಗನಾಗಿ ಜನಿಸಿದನು. ನ್ಯಾಯಶಾಸ್ತ್ರವನ್ನು ಓದಲೆಂದು ವಿಯೆನ್ನಾಕ್ಕೆ ಹೋದವನು ಅದನ್ನು ಬಿಟ್ಟು ವೈದ್ಯವನ್ನು ಹಿಡಿದನು. ೧೮೪೬ರಲ್ಲಿ ಅಲ್ಲಿಯ ದೊಡ್ಡ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕನಾದನು.

ಅಲ್ಲಿ ಎರಡು ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. ಗರ್ಭಿಣಿಯರನ್ನು ದಿನದ ಸರದಿಯಂತೆ ಇಲ್ಲಿಗೋ ಅಲ್ಲಿಗೋ ಸೇರಿಸಿಕೊಳ್ಳುತ್ತಿದ್ದರು. ತಮ್ಮ ಪಾಲಿಗೆ ಮೊದಲನೆಯ ವಿಭಾಗ ಬಂದಿತೆಂದು ತಿಳಿದ ಬಡ ಹೆಂಗಸರು ಮೊಣಕಾಲೂರಿ, ತಮ್ಮನ್ನು ಹೊರಗೆ ಬಿಟ್ಟುಬಿಡಿರೆಂದು ಬೇಡಿಕೊಳ್ಳುತ್ತಿದ್ದರು. ದೊಡ್ಡ ವೈದ್ಯರಿಗೆ ಅದು ಬರಿಯ ಅಂಜಿಕೆಯಾಗಿ ಕಂಡಿತು. ಆ ಅಂಜಿಕೆಯಿಂದಲೇ ಬಾಣಂತಿ ಜ್ವರ ಬರುವುದೆಂದು ವಾದಿಸಿದವರೂ ಇದ್ದರು!

ಸೆಮೆಲ್‌ವೈಸ್ ಆ ಮೊರೆಯನ್ನು ಅಲ್ಲಗಳೆಯಲಿಲ್ಲ. ಲೆಕ್ಕವನ್ನು ತೆಗೆದು ನೋಡಿದನು. ೧೮೪೬ರಲ್ಲಿ ಮೊದಲನೆಯ ವಿಭಾಗದಲ್ಲಿ ನೂರಕ್ಕೆ ಹನ್ನೊಂದಕ್ಕೂ ಮಿಕ್ಕಿ ತಾಯಂದಿರು ಸತ್ತಿದ್ದರು. ಎರಡನೆಯದರಲ್ಲಿ ಮೂವರಿಗಿಂತ ಕಡಿಮೆ. ಓದುಬರಹವಿಲ್ಲದವರು ಆಡಿದ ಮಾತನ್ನೇ ಅಂಕಿಗಳೂ ಆಡಿದವು. ಸಾಯುವವರ ಬಳಿಗೆ ಗಂಟೆ ಬಾರಿಸಿಕೊಂಡು ಬರುತ್ತಿದ್ದ ಪಾದ್ರಿಯನ್ನು ಸದ್ದಿಲ್ಲದೆ ಬರುವಂತೆ ಮಾಡಿ ನೋಡಿದನು. ಜ್ವರ ತಗ್ಗಲಿಲ್ಲ; ಕಾರಣವು ಅಂಜಿಕೆಯಲ್ಲವೆಂದಾಯಿತು.

೧೮೪೭ರ ಮಾರ್ಚಿನಲ್ಲಿ ಆತನ ಮಿತ್ರ ಕೊಲೆಚ್ಕಾ ಶವಪರೀಕ್ಷೆಯ ವೇಳೆಯಲ್ಲಿ ಬೆರಳಿಗೆ ಕತ್ತಿ ತಗಲಿ ಮಡಿದನು. ಅವನ ದೇಹದಲ್ಲಿ ಕಂಡ ವಿಕಾರಗಳು ಬಾಣಂತಿಯರ ದೇಹದಲ್ಲಿ ಕಂಡವೇ ಆಗಿದ್ದವು. ಹಾಗಾದರೆ ಶವಾಗಾರದಿಂದ ನೇರವಾಗಿ ಹೆರಿಗೆಯ ಮಂಚಕ್ಕೆ ಬರುವ ವೈದ್ಯರ ಕೈಗಳೇ ಮೃತ್ಯುವನ್ನು ಹೊತ್ತು ತರುತ್ತಿದ್ದವು. ಮೇ ತಿಂಗಳಿನಿಂದ ಎಲ್ಲರೂ ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕೈ ತೊಳೆಯಬೇಕೆಂದು ವಿಧಿಸಿದನು. ಏಪ್ರಿಲಿನಲ್ಲಿ ನೂರಕ್ಕೆ ಹದಿನೆಂಟಿದ್ದ ಸಾವು ಜೂನಿನಲ್ಲಿ ಎರಡರ ಸುಮಾರಿಗೆ ಇಳಿಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಕಂಡ ಸತ್ಯವನ್ನು ಆತ ಬರೆಯಲೊಲ್ಲದೆ ಹೋದನು. ಹೆಬ್ರಾ, ಸ್ಕೋಡಾ ಮೊದಲಾದ ಮಿತ್ರರು ಆತನ ಪರವಾಗಿ ಬರೆದರು, ಮಾತನಾಡಿದರು. ಶವದ ವಿಷವೊಂದೇ ಕಾರಣವೆಂದು ಹಲವರು ತಪ್ಪಾಗಿ ತಿಳಿದರು. ಜೀವಂತ ರೋಗಿಯ ಕೊಳೆತ ಹುಣ್ಣಿನಿಂದಲೂ ಜ್ವರ ಹರಡುವುದನ್ನು ಆತ ಆಗಲೇ ಕಂಡಿದ್ದನು. ೧೮೫೦ರಲ್ಲಿ ವಿಯೆನ್ನಾದ ವೈದ್ಯರ ಸಭೆಯಲ್ಲಿ ತಾನೇ ಮಾತನಾಡಿದನಾದರೂ, ಅದೇ ವರ್ಷ ಮಿತ್ರರಿಗೂ ಹೇಳದೆ ಊರು ಬಿಟ್ಟು ಪೆಸ್ಟ್ ನಗರಕ್ಕೆ ಹೊರಟುಹೋದನು. ಅಲ್ಲಿಯೂ ತಾಯಂದಿರನ್ನು ಉಳಿಸಿದನು. ಆತನ ಗ್ರಂಥ ಹೊರಬಂದುದು ೧೮೬೧ರಲ್ಲಿ. ಒಪ್ಪದ ಪ್ರಾಧ್ಯಾಪಕರನ್ನು ಬಳಿಕ ಬಹಿರಂಗ ಪತ್ರಗಳಲ್ಲಿ ಕೊಲೆಗಾರರೆಂದು ಜರೆದನು. ಅವರು ಕಿವಿ ಮುಚ್ಚಿಕೊಂಡರು.

೧೮೬೫ರಲ್ಲಿ ಬುದ್ಧಿ ಕದಡಿದ ಆತನನ್ನು ವಿಯೆನ್ನಾದ ಹುಚ್ಚಾಸ್ಪತ್ರೆಗೆ ಸೇರಿಸಿದರು. ಆಗಸ್ಟ್ ೧೩ರಂದು, ಗಾಯವೊಂದು ನಂಜೇರಿ, ಆತ ತೀರಿಕೊಂಡನು. ಆಗ ವಯಸ್ಸು ನಲವತ್ತೇಳು. ಅದರ ಹಿಂದಿನ ದಿನವಷ್ಟೇ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್ ಬಾಲಕನೊಬ್ಬನ ಮುರಿದ ಕಾಲಿನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ್ದನು. ಅಲ್ಲಿಂದ ಮುಂದೆ ನಂಜುನಿವಾರಣೆಯ ಮಾರ್ಗವು ಲೋಕಕ್ಕೆ ತೆರೆಯಿತು.

ಸೋಲಿಗೆ ಸೆಮೆಲ್‌ವೈಸನೊಬ್ಬನನ್ನೇ ದೂರುವುದು ನ್ಯಾಯವಲ್ಲ. ತನ್ನ ಕೈಯಿಂದಲೇ ತಾಯಂದಿರು ಸತ್ತರೆಂದು ಒಪ್ಪಿಕೊಳ್ಳುವುದು ಯಾವ ವೈದ್ಯನಿಗೆ ಸುಲಭ? ಒಬ್ಬ ಸಜ್ಜನ ವೈದ್ಯನು ಅದನ್ನು ಒಪ್ಪಿಕೊಂಡ ಮೇಲೆ ಆ ಭಾರವನ್ನು ತಾಳಲಾರದೆ ಪ್ರಾಣವನ್ನೇ ಕಳೆದುಕೊಂಡನು. ಅಂತಹ ಸತ್ಯವನ್ನು ಹೇಳಲು ಎಷ್ಟು ಹದವಾದ ಮಾತು ಬೇಕು! ಆ ಹದ ತಪ್ಪಿದುದರ ಬೆಲೆಯನ್ನು ತೆತ್ತವರು ಪ್ರಾಧ್ಯಾಪಕರಲ್ಲ, ಮಂಚದ ಮೇಲೆ ಮಲಗಿದ್ದ ಬಾಣಂತಿಯರು.

ಭಾಷೆಯ ಪಾಠವೇತಕ್ಕೆಂದು ಕೇಳಿದವರಿಗೆ ನನ್ನ ಉತ್ತರ ಇಷ್ಟೆ: ರೋಗಿಯ ಅಳುವಿನಲ್ಲಿರುವ ಅರ್ಥವನ್ನು ಕೇಳಿಸಿಕೊಳ್ಳುವುದಕ್ಕೆ, ಕೇಳಿಸಿಕೊಂಡುದನ್ನು ಜೊತೆಯವರ ಮನಸ್ಸಿಗೆ ಮುಟ್ಟುವಂತೆ ಹೇಳುವುದಕ್ಕೆ. ಮೊದಲನೆಯದು ಸೆಮೆಲ್‌ವೈಸನಿಗೆ ಒಲಿದಿತ್ತು. ಎರಡನೆಯದೂ ಒಲಿದಿದ್ದರೆ ಎಷ್ಟು ತೊಟ್ಟಿಲುಗಳ ಬಳಿ ತಾಯಿ ಉಳಿದಿರುತ್ತಿದ್ದಳೋ!