ಬಾಂಬು ಹಾಕಿದ ಕೈಯೇ ರೋಗಿಗಳ ಸೇವೆಗೆ ನಿಂತಿತು

ಲಿಯೊನಾರ್ಡ್ ಚೆಷೈರ್ ಹುಟ್ಟಿದ್ದು 1917ರಲ್ಲಿ, ಇಂಗ್ಲೆಂಡಿನ ಚೆಸ್ಟರ್ ನಗರದಲ್ಲಿ. ಆಕ್ಸ್‌ಫರ್ಡಿನಲ್ಲಿ ಕಾನೂನು ಓದುತ್ತಿದ್ದಾಗಲೇ ವಿಮಾನ ಹಾರಿಸಲು ಕಲಿತರು. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ಪೈಲಟ್ ಆದರು. 1940ರ ನವೆಂಬರಿನಲ್ಲಿ ಜರ್ಮನಿಯ ಮೇಲೆ ಅವರ ವಿಮಾನಕ್ಕೆ ಬೆಂಕಿ ಹತ್ತಿ ಒಂದು ಮಗ್ಗುಲೇ ಹರಿದುಹೋಯಿತು. ಆದರೂ ಎದೆಗುಂದದೆ ಸಂಗಡಿಗರನ್ನು ಜೀವಸಹಿತ ವಾಪಸು ತಂದರು.

1943ರಲ್ಲಿ, 25ನೇ ವಯಸ್ಸಿಗೇ, ಗ್ರೂಪ್ ಕ್ಯಾಪ್ಟನ್ ಆದರು. ಕುರ್ಚಿ ಕೆಲಸ ಒಗ್ಗಲಿಲ್ಲ. ತಾವಾಗಿಯೇ ಒಂದು ದರ್ಜೆ ಕೆಳಗಿಳಿದು 617ನೇ ಸ್ಕ್ವಾಡ್ರನ್ನಿನ ನಾಯಕರಾದರು. 1944ರ ಫೆಬ್ರವರಿಯಲ್ಲಿ ಫ್ರಾನ್ಸಿನ ಲಿಮೋಜ್ ಕಾರ್ಖಾನೆಗೆ ಬಾಂಬು ಹಾಕುವ ಮೊದಲು, ಒಳಗಿದ್ದ ಕಾರ್ಮಿಕರು ಪಾರಾಗಲಿ ಅಂತ ಮೂರು ಸಲ ತೀರಾ ಕೆಳಗೆ ಹಾರಿ ಎಚ್ಚರಿಸಿದರು. ನೂರು ಹಾರಾಟ ಪೂರೈಸಿದ ಅವರಿಗೆ ಅದೇ ವರ್ಷ ವಿಕ್ಟೋರಿಯಾ ಕ್ರಾಸ್ ಬಂತು.

1945ರ ಆಗಸ್ಟ್ 9ರಂದು ನಾಗಸಾಕಿಯ ಅಣುಬಾಂಬ್ ಸ್ಫೋಟವನ್ನು ಬ್ರಿಟನ್ನಿನ ವೀಕ್ಷಕರಾಗಿ ಆಕಾಶದಿಂದ ಕಂಡರು. ಬಳಿಕ ವಾಯುಪಡೆ ಬಿಟ್ಟರು. 1948ರಲ್ಲಿ, ಕೈಯಲ್ಲಿ ಕಾಸಿಲ್ಲದಿದ್ದರೂ, ದಿಕ್ಕಿಲ್ಲದ ಒಬ್ಬ ಕ್ಯಾನ್ಸರ್ ರೋಗಿಯನ್ನು ತಮ್ಮ ಮನೆಗೇ ಕರೆತಂದು ಕೊನೆಯ ತನಕ ಸ್ವತಃ ಶುಶ್ರೂಷೆ ಮಾಡಿದರು. ಆ ಒಬ್ಬರಿಂದ ಶುರುವಾದ ಚೆಷೈರ್ ಹೋಮ್‌ಗಳು ಹಲವು ದೇಶಗಳಿಗೆ ಹಬ್ಬಿದವು. ನಮ್ಮ ಬೆಂಗಳೂರಿಗೂ ಬಂದವು. 1992ರಲ್ಲಿ ಅವರು ತೀರಿಕೊಂಡರು.

ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಹೆಗಲು ಕೊಡುವುದೇ ಸಹಕಾರ ಎನ್ನುವ ನಮಗೆ ಈ ಬಾಳು ದಾರಿದೀಪ.