ಟೈರಿನ ಮರ್ಮ ಬಲ್ಲ ರೈತ ಜಿಮ್ ಕ್ಲಾರ್ಕ್

ವೇಗದ ಕಾರು ಎಂದೊಡನೆ ನಮಗೆ ನೆನಪಾಗುವುದು ಎಂಜಿನ್ನಿನ ಅಬ್ಬರ, ಮಿರುಗುವ ಬಣ್ಣ. ಆದರೆ ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ, ನಾಲ್ಕು ತುಣುಕು ರಬ್ಬರಿನ ಮೂಲಕ. ಈ ಸತ್ಯವನ್ನು ಸ್ಕಾಟ್ಲೆಂಡಿನ ಜಿಮ್ ಕ್ಲಾರ್ಕ್ ಅವರಷ್ಟು ಚೆನ್ನಾಗಿ ಅರಿತ ಚಾಲಕರು ವಿರಳ. ಎರಡು ಬಾರಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ ಅವರ ಅತಿ ಕಹಿ ಸೋಲಿನಲ್ಲೂ, ಅತಿ ದೊಡ್ಡ ಗೆಲುವಿನಲ್ಲೂ ಟೈರಿನ ಆಯ್ಕೆಗೆ ಪಾಲಿತ್ತು. ಬಹುಶಃ ಅವರ ಸಾವಿಗೂ ಟೈರೇ ಕಾರಣ.

ಕ್ಲಾರ್ಕ್ ಹುಟ್ಟಿದ್ದು 1936ರ ಮಾರ್ಚ್ 4ರಂದು, ಫೈಫ್ ಪ್ರಾಂತ್ಯದ ಕಿಲ್ಮನಿಯ ರೈತ ಕುಟುಂಬದಲ್ಲಿ. ನಾಲ್ವರು ಅಕ್ಕಂದಿರ ನಂತರದ ಒಬ್ಬನೇ ಮಗ. 1942ರಲ್ಲಿ ಕುಟುಂಬ ಇಂಗ್ಲೆಂಡಿನ ಗಡಿಗೆ ಸಮೀಪದ ಬರ್ವಿಕ್‌ಶೈರ್‌ನ ಎಡಿಂಗ್ಟನ್ ಮೇನ್ಸ್ ಎಂಬ ಹೊಲಮನೆಗೆ ಬಂದು ನೆಲೆಸಿತು. ಕುರಿ ಸಾಕಣೆ, ಬೇಸಾಯ ನೋಡಿಕೊಳ್ಳಬೇಕಿದ್ದ ಮಗ ರೇಸಿನ ಹುಚ್ಚಿಗೆ ಬಿದ್ದದ್ದು ಹೆತ್ತವರಿಗೆ ಹಿಡಿಸಲಿಲ್ಲ. ಆದರೂ 1956ರಲ್ಲಿ ಗೆಳೆಯರೊಬ್ಬರ ಡಿಕೆಡಬ್ಲ್ಯು ಕಾರಿನಲ್ಲಿ ಅವರು ಸ್ಪರ್ಧೆಗಿಳಿದರು. ಮುಂದೆ ಬಾರ್ಡರ್ ರೀವರ್ಸ್ ತಂಡದ ಪರವಾಗಿ ಜಾಗ್ವಾರ್ ಡಿ ಟೈಪ್ ಸ್ಪೋರ್ಟ್ಸ್ ಕಾರನ್ನು ಓಡಿಸಿ ಹೆಸರು ಮಾಡಿದರು.

1958ರ ಡಿಸೆಂಬರಿನಲ್ಲಿ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಲೋಟಸ್ ಎಲೀಟ್ ಕಾರುಗಳ ಸ್ಪರ್ಧೆ ನಡೆಯಿತು. ಲೋಟಸ್ ಸಂಸ್ಥೆಯ ಒಡೆಯ ಕಾಲಿನ್ ಚಾಪ್‌ಮನ್ ಅವರೇ ಗೆದ್ದರು. ಅವರ ಬೆನ್ನಿಗೇ ಗುರಿ ಮುಟ್ಟಿದವರು ಕ್ಲಾರ್ಕ್. ಇಬ್ಬರ ನಂಟು ಅಲ್ಲಿಂದ ಬೆಳೆಯಿತು. 1960ರಲ್ಲಿ ಲೆ ಮಾನ್ಸ್‌ನ 24 ಗಂಟೆಗಳ ಸ್ಪೋರ್ಟ್ಸ್ ಕಾರು ಸ್ಪರ್ಧೆಯಲ್ಲಿ ರಾಯ್ ಸಾಲ್ವಡೋರಿ ಜತೆಗೂಡಿ ಆಸ್ಟನ್ ಮಾರ್ಟಿನ್ ಓಡಿಸಿ ಕ್ಲಾರ್ಕ್ ಮೂರನೇ ಸ್ಥಾನ ಪಡೆದರು. ಅದೇ ವರ್ಷ ಲೋಟಸ್ ಪರ ಫಾರ್ಮುಲಾ ಒನ್ ಪ್ರವೇಶಿಸಿದರು. 1963ರಲ್ಲಿ 10 ಸ್ಪರ್ಧೆಗಳ ಪೈಕಿ 7ನ್ನು ಗೆದ್ದು ವಿಶ್ವ ಚಾಂಪಿಯನ್ ಆದಾಗ ವಯಸ್ಸು 27.

ಅವರ ಚಾಲನೆಯಲ್ಲಿ ಸೆಣಸಾಟ ಕಾಣುತ್ತಿರಲಿಲ್ಲ. ತಿರುವಿನಲ್ಲಿ ಸ್ಟೀರಿಂಗನ್ನು ಎಳೆದಾಡದೆ, ಬ್ರೇಕನ್ನು ಹಂತಹಂತವಾಗಿ ಬಿಟ್ಟುಕೊಡುತ್ತ ಕಾರನ್ನು ಒಳಕ್ಕೆ ತರುತ್ತಿದ್ದರು. ಹಾಗಾಗಿ ಉಳಿದವರ ಟೈರಿಗಿಂತ ಅವರ ಟೈರು ಕಡಿಮೆ ಸವೆಯುತ್ತಿತ್ತು ಎಂಬುದು ಮೆಕ್ಯಾನಿಕ್‌ಗಳ ಅನುಭವ. ರಬ್ಬರನ್ನು ಹೀಗೆ ಕಾಪಾಡಿಕೊಳ್ಳಬಲ್ಲ ಚಾಲಕನನ್ನೂ ತಪ್ಪು ಟೈರು ಕೈಬಿಡಬಲ್ಲದು ಎಂಬುದನ್ನು 1964ರ ಮೇ ತಿಂಗಳು ತೋರಿಸಿತು.

ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 500 ಮೈಲಿಗಳ ಓಟ. ಹಿಂದಿನ ವರ್ಷವಷ್ಟೇ ಅಲ್ಲಿ ಎರಡನೆಯವರಾಗಿದ್ದ ಕ್ಲಾರ್ಕ್ ಮೇಲೆ ಎಲ್ಲರ ಕಣ್ಣಿತ್ತು. ಲೋಟಸ್ ತಂಡ ಈ ಬಾರಿ ಡನ್‌ಲಪ್ ಟೈರುಗಳನ್ನು ಆರಿಸಿಕೊಂಡಿತು. ನೆಲವನ್ನು ಚೆನ್ನಾಗಿ ಕಚ್ಚುವ ಆ ಟೈರುಗಳಲ್ಲಿ ಕ್ಲಾರ್ಕ್ ಗಂಟೆಗೆ 158 ಮೈಲಿಗೂ ಹೆಚ್ಚಿನ ವೇಗ ಸಾಧಿಸಿ ಮೊದಲ ಸಾಲಿನ ಮೊದಲ ಸ್ಥಾನ ಪಡೆದರು. ಆದರೆ ಅರ್ಹತಾ ಸುತ್ತು ನಾಲ್ಕು ಸುತ್ತಿಗೆ ಮುಗಿಯುತ್ತದೆ, ಓಟವಿರುವುದು 200 ಸುತ್ತು. ಗಂಟೆಗಟ್ಟಲೆಯ ಶಾಖಕ್ಕೆ ಆ ರಬ್ಬರು ತಾಳಲಿಲ್ಲ. ಟೈರಿನ ಮೇಲ್ಮೈ ಚೂರುಚೂರಾಗಿ ಕಿತ್ತುಬಂತು, ತೂಕ ಏರುಪೇರಾದ ಗಾಲಿ ನಡುಗತೊಡಗಿತು. ಆ ನಡುಕಕ್ಕೆ ಹಿಂಬದಿಯ ಸಸ್ಪೆನ್ಷನ್ ಮುರಿಯಿತು. ಮುಂಚೂಣಿಯಲ್ಲಿದ್ದ ಕ್ಲಾರ್ಕ್ 47ನೇ ಸುತ್ತಿಗೆ ನಿವೃತ್ತರಾದರು. ತಂಡದ ಇನ್ನೊಬ್ಬ ಚಾಲಕ ಡ್ಯಾನ್ ಗರ್ನಿ ಅವರ ಕಾರನ್ನೂ ಟೈರಿನ ಭಯದಿಂದಲೇ ಹಿಂದಕ್ಕೆ ಕರೆಸಲಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೆದು ರಬ್ಬರು ನೆಲವನ್ನು ಕಚ್ಚುತ್ತದೆ, ಬೇಗ ಬಿಸಿಯಾಗಿ ಸವೆಯುತ್ತದೆ. ಗಟ್ಟಿ ರಬ್ಬರು ಬಾಳುತ್ತದೆ, ಹಿಡಿತ ಕಡಿಮೆ. ಸ್ಪೋರ್ಟ್ಸ್ ಕಾರಿಗೆ ಹೊಸ ಟೈರು ಹುಡುಕುತ್ತ ಅಂಗಡಿಯಲ್ಲಿ ಅಗಲ, ಅಂದ, ಬೆಲೆಗಳನ್ನಷ್ಟೇ ವಿಚಾರಿಸುವ ನಮ್ಮ ನಗರಗಳ ಉತ್ಸಾಹಿಗಳು ಪಕ್ಕದ ಗೋಡೆಯ ಬರಹವನ್ನೂ ಓದುವುದು ಒಳಿತು. 'ವಿ' ಎಂದಿದ್ದರೆ ಗಂಟೆಗೆ 240 ಕಿ.ಮೀ., 'ಡಬ್ಲ್ಯು' ಎಂದಿದ್ದರೆ 270 ಕಿ.ಮೀ. ವೇಗಕ್ಕೆ ಟೈರು ತಕ್ಕದ್ದೆಂದು ಅರ್ಥ. ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷ. ಕ್ಲಾರ್ಕ್ ಕಾಲದಲ್ಲಿ ಇಷ್ಟು ಮಾಹಿತಿಯೂ ಟೈರಿನ ಮೇಲಿರಲಿಲ್ಲ.

ಮರುವರ್ಷ ತಂಡ ಫೈರ್‌ಸ್ಟೋನ್ ಟೈರುಗಳೊಂದಿಗೆ ಇಂಡಿಯಾನಾಪೊಲಿಸ್‌ಗೆ ಮರಳಿತು. ಇದಕ್ಕಾಗಿ ಕ್ಲಾರ್ಕ್ ಮೊನಾಕೊ ಗ್ರ್ಯಾನ್ ಪ್ರಿ ಸ್ಪರ್ಧೆಯನ್ನೇ ಬಿಟ್ಟುಕೊಟ್ಟರು. ಫಲ ಸಿಕ್ಕಿತು. 200 ಸುತ್ತುಗಳಲ್ಲಿ 190ರಲ್ಲಿ ಅವರೇ ಮುಂದಿದ್ದರು. ಹಿಂಬದಿ ಎಂಜಿನ್ನಿನ ಕಾರು ಅಲ್ಲಿ ಗೆದ್ದದ್ದು ಅದೇ ಮೊದಲು. ಅದೇ 1965ರಲ್ಲಿ ವಿಶ್ವ ಚಾಂಪಿಯನ್ ಪಟ್ಟವೂ ಒಲಿಯಿತು. ಒಂದೇ ವರ್ಷ ಈ ಎರಡನ್ನೂ ಗೆದ್ದವರು ಮತ್ತೊಬ್ಬರಿಲ್ಲ.

1967ರ ಮೊಂಜಾ ಓಟವಂತೂ ಅಭಿಮಾನಿಗಳು ಮರೆಯದ ಅಧ್ಯಾಯ. ಟೈರು ಪಂಕ್ಚರ್ ಆಗಿ ಪಿಟ್‌ಗೆ ಬಂದ ಕ್ಲಾರ್ಕ್ ಇಡೀ ಒಂದು ಸುತ್ತು ಹಿಂದೆ ಬಿದ್ದರು. ಹೊಸ ಗಾಲಿಯೊಂದಿಗೆ ಹೊರಟು ಕಳೆದುಕೊಂಡ ಸುತ್ತನ್ನು ಮರಳಿ ಗಳಿಸಿ, ಮತ್ತೆ ಮುಂಚೂಣಿಗೆ ಬಂದರು. ಕೊನೆಯ ಸುತ್ತಿನಲ್ಲಿ ಎಂಜಿನ್ನಿಗೆ ಇಂಧನ ಸಾಲದೆ ಮೂರನೇ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಗೆದ್ದ ಎಷ್ಟೋ ಓಟಗಳಿಗಿಂತ ಈ ಸೋಲೇ ದೊಡ್ಡದು ಎಂದರೆ ಅತಿಶಯೋಕ್ತಿಯಾಗದು.

1968ರ ಜನವರಿ 1ರಂದು ದಕ್ಷಿಣ ಆಫ್ರಿಕಾದಲ್ಲಿ 25ನೇ ಗೆಲುವು ಸಾಧಿಸಿ ಫಾಂಜಿಯೊ ಅವರ ದಾಖಲೆಯನ್ನು ಮುರಿದರು. ಆ ಬಳಿಕ ಅವರು ಇನ್ನೊಂದು ಫಾರ್ಮುಲಾ ಒನ್ ಓಟದಲ್ಲಿ ಭಾಗವಹಿಸಲಿಲ್ಲ.

ಏಪ್ರಿಲ್ 7ರಂದು ಪಶ್ಚಿಮ ಜರ್ಮನಿಯ ಹಾಕನ್‌ಹೈಮ್‌ನಲ್ಲಿ ಫಾರ್ಮುಲಾ ಟೂ ಸ್ಪರ್ಧೆ. ಅದೇ ದಿನ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಫೋರ್ಡ್‌ನ ಹೊಸ ಸ್ಪೋರ್ಟ್ಸ್ ಕಾರನ್ನು ಅವರು ಓಡಿಸುವ ಮಾತಿತ್ತು; ಅದು ಕೈಗೂಡಲಿಲ್ಲ. ಹಾಕನ್‌ಹೈಮ್ ಮಳೆಗೆ ತೊಯ್ದಿತ್ತು. ಐದನೇ ಸುತ್ತಿನಲ್ಲಿ ಕಾಡಿನ ನಡುವಿನ ಹಾದಿಯಲ್ಲಿ ಲೋಟಸ್ ಹಠಾತ್ತನೆ ಅಡ್ಡಾದಿಡ್ಡಿಯಾಗಿ ಮರಗಳಿಗೆ ಅಪ್ಪಳಿಸಿತು. ತಡೆಬೇಲಿ ಇರಲಿಲ್ಲ. ಕ್ಲಾರ್ಕ್ ಆಸ್ಪತ್ರೆ ತಲುಪುವ ಮೊದಲೇ ಅಸುನೀಗಿದರು. ಅವರಿಗೆ 32 ವರ್ಷ.

ಅಂಥ ಚಾಲಕ ತಪ್ಪು ಮಾಡಿರಬಹುದೆಂದು ಸಹಸ್ಪರ್ಧಿಗಳು ನಂಬಲಿಲ್ಲ. ಅವಶೇಷಗಳನ್ನು ಪರೀಕ್ಷಿಸಿದವರು ಹಿಂದಿನ ಟೈರಿನತ್ತ ಬೊಟ್ಟು ಮಾಡಿದರು. ಗಾಳಿ ನಿಧಾನವಾಗಿ ಸೋರಿ, ನೇರ ಹಾದಿಯಲ್ಲಿ ಸುಳಿವು ಕೊಡದ ಟೈರು ಸಣ್ಣ ತಿರುವಿನಲ್ಲಿ ಭಾರ ಬಿದ್ದೊಡನೆ ಕುಸಿದಿರಬೇಕು ಎಂಬುದು ಬಲವಾದ ಊಹೆ. ಅದು ಕೊನೆಗೂ ಸಾಬೀತಾಗಲಿಲ್ಲ. ಟೈರನ್ನು ಆರಿಸುವವರು ತಂಡದವರು, ಒಪ್ಪಂದ ಕಂಪನಿಗಳದ್ದು. ಅದರ ಮೇಲೆ ಪ್ರಾಣವಿಟ್ಟು ಕೂರುವವನು ಮಾತ್ರ ಚಾಲಕ. ಅಂದಿನ ರೇಸ್ ಲೋಕದ ಅನ್ಯಾಯವೆಂದರೆ ಇದೇ ಎನ್ನಬೇಕು.

ಚರ್ನ್‌ಸೈಡ್ ಗ್ರಾಮದ ಚರ್ಚಿನ ಅಂಗಳದಲ್ಲಿ ಅವರ ಸಮಾಧಿಯಿದೆ. ಕಲ್ಲಿನ ಮೇಲೆ ವಿಶ್ವ ಚಾಂಪಿಯನ್ ಎಂಬುದಕ್ಕಿಂತ ಮೊದಲು ಕೆತ್ತಿರುವುದು ರೈತ ಎಂದು. ಸನಿಹದ ಡನ್ಸ್ ಪಟ್ಟಣದಲ್ಲಿ ಅವರ ಟ್ರೋಫಿಗಳ ವಸ್ತುಸಂಗ್ರಹಾಲಯ 2019ರಲ್ಲಿ ಹೊಸ ರೂಪದಲ್ಲಿ ತೆರೆಯಿತು.